ಸತ್ಯಾಂಶ: ಕೋವಿ ಲೈಸನ್ಸ್ ಇದ್ದರೆ ಕಾಡುಹಂದಿ ಹೊಡೆಯಬಹುದಾ?

ಕಾರ್ಕಳ, ಹೆಬ್ರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಬೆಳೆ ರಕ್ಷಣೆಯ ಕೋವಿ ಇದ್ದವರು ಗದ್ದೆಗೆ ಬಂದ ಹಂದಿಯನ್ನು ಹೊಡೆಯಬಹುದು, ಕೇಸ್ ಆಗಲ್ಲ."

ಇದು ಸುಳ್ಳು. ಲೈಸನ್ಸ್ ಇರುವುದು ಕೋವಿ ಇಟ್ಟುಕೊಳ್ಳಲು, ಅದೇ ಬೇಟೆಗೆ ಅನುಮತಿ ಅಲ್ಲ. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ, ಅಂದರೆ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಬೇಕಾದರೂ 11ನೇ ಸೆಕ್ಷನ್ ಪ್ರಕಾರ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕೇ ಬೇಕು.

"ಕೇರಳದಲ್ಲಿ ಹೊಡೀತಾರಲ್ವಾ?" ಹೌದು, ಅಲ್ಲಿ 2022ರಲ್ಲಿ ಆ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಂಥವರಿಗೆ ಕೊಟ್ಟರು. ಅಲ್ಲೂ ಆದೇಶ ಬೇಕು, ಗಡಿಯ ತಲಪಾಡಿಯಿಂದ ಈಚೆಗೆ, ಅಂದರೆ ಕರ್ನಾಟಕದಲ್ಲಿ, ಅದು ಅನ್ವಯಿಸುವುದೂ ಇಲ್ಲ.

ರಾತ್ರಿ ಬೆಳಗಾಗುವುದರೊಳಗೆ ಗದ್ದೆ, ಗೆಣಸು, ಬಾಳೆ ಎಲ್ಲ ಬುಡಮೇಲಾದಾಗ ಬರುವ ಸಿಟ್ಟು ಖಂಡಿತ ನ್ಯಾಯವಾದದ್ದೇ. ಆದರೆ ಉರುಳು ಮಾತ್ರ ಇಡಬೇಡಿ. ಹಂದಿಗೆಂದು ಕಟ್ಟಿದ ತಂತಿಗೆ ಚಿರತೆ ಸಿಕ್ಕಿ ನರಳಿ ಸಾಯುತ್ತದೆ. ಬೇಲಿಗೆ ನೇರ ಕರೆಂಟ್ ಕೊಟ್ಟರೆ ಮನುಷ್ಯರೇ ಸಾಯುತ್ತಾರೆ. ಸೋಲಾರ್ ಬೇಲಿ ಹಾಕುವುದಾದರೆ ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರಲಿ, ಹುಲ್ಲು ತಾಗದಂತೆ ಸವರುತ್ತಿರಿ. ಬೆಳೆ ಹೋದರೆ ಫೋಟೋ ತೆಗೆದು, ಪಹಣಿ ಜೊತೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಬೇಗ ಪರಿಹಾರದ ಅರ್ಜಿ ಕೊಡಿ.