ಖಳನಾಯಕರಿಗೆ ಒಂದು ಸಲಹೆ

ಸಾಹುಕಾರರ ಹುಡುಗಿ, ಬಡವರ ಹುಡುಗ, ನಡುವೆ ರಕ್ತ. ಈ ಥರದ ಕ್ರೈಂ ಸಿನಿಮಾ ನೋಡುವಾಗೆಲ್ಲ ನನಗೆ ಹುಡುಗಿಯ ಅಪ್ಪನನ್ನು ಕಂಡು ಅಯ್ಯೋ ಅನಿಸುತ್ತದೆ. ಅರ್ಧ ಸಿನಿಮಾ ಹುಡುಕಾಟದಲ್ಲೇ ಹೋಗುತ್ತದೆ. ಜೀಪು, ಡೀಸೆಲ್, ರೌಡಿಗಳ ಬಿರಿಯಾನಿ ಖರ್ಚು. ಹುಡುಗನ ಗೆಳೆಯನನ್ನು ತಲೆಕೆಳಗೆ ನೇತುಹಾಕಿ ಬಾಯಿ ಬಿಡಿಸುವ ಕಷ್ಟ ಬೇರೆ. ಇಷ್ಟೆಲ್ಲ ಯಾಕ್ರೀ?

ನಮ್ಮ ಕಲಬುರಗಿ ಕತೆ ಅಂತಲೇ ಇಟ್ಟುಕೊಳ್ಳೋಣ. ದಾಲ್ ಮಿಲ್ ಸಾಹುಕಾರರ ಮಗಳು, ಅದೇ ಮಿಲ್ಲಿನಲ್ಲಿ ತೊಗರಿ ಚೀಲ ಹೊರುವ ಹಮಾಲನ ಮಗ. ಧರ್ಮವೂ ಬೇರೆ. ಭಾಷಣದಲ್ಲಿ ಇದು ತೊಂದರೆಯೇ ಅಲ್ಲ. ಶರಣಬಸವೇಶ್ವರರ ತೇರಿಗೂ ನಾವೇ, ಬಂದೇ ನವಾಜರ ಉರುಸಿಗೂ ನಾವೇ. ಬೀಗರಾಗಬಾರದು, ಅಷ್ಟೇ. ಪಕ್ಕದ ಬಸವಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲೇ ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರು ಬೀಗರಾದರು. ದೊರೆ ಬಿಜ್ಜಳ ಇಬ್ಬರಿಗೂ ಎಳೆಹೂಟೆ, ಅಂದರೆ ಆನೆ ಕಾಲಿಗೆ ಕಟ್ಟಿ ಎಳೆಸುವ ಶಿಕ್ಷೆ ಕೊಟ್ಟ ಅಂತಾರೆ. ಈಗ ಅಲ್ಲಿ 108 ಅಡಿಯ ಬಸವಣ್ಣನ ಮೂರ್ತಿ ಇದೆ. ಜಯಂತಿ ದಿನ ಹಾರ ಹಿಡಿದು ಮುಂದೆ ನಿಲ್ಲುವವರು ಇದೇ ಸಾಹುಕಾರರು.

ಇರಲಿ, ಹುಡುಕಾಟಕ್ಕೆ ಬರೋಣ. ಇಬ್ಬರೂ ಧರ್ಮ ಬಿಡದೆ ಮದುವೆಯಾಗಬೇಕು ಅಂದರೆ 1954ರ ವಿಶೇಷ ವಿವಾಹ ಕಾಯ್ದೆಯೇ ಗತಿ. ಮೊದಲು ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ಹೆಸರು, ವಯಸ್ಸು, ಕೆಲಸ, ಈಗ ಇರುವ ಮನೆ, ಕಾಯಂ ಮನೆ, ಎಲ್ಲ ಬರೆಯಬೇಕು. ಅದನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. ಆಮೇಲೆ 30 ದಿನ ಸುಮ್ನೆ ಕಾಯಬೇಕು. ಬೀದರಿಗೆ ಓಡಿಹೋಗಿ, ಅಲ್ಲೇ ತಿಂಗಳು ಉಳಿದು ನೋಟಿಸ್ ಕೊಟ್ಟರೂ ಸಾಹುಕಾರರು ಗಾಬರಿಯಾಗಬೇಕಿಲ್ಲ. ಕಾಯಂ ವಿಳಾಸದ ಜಿಲ್ಲೆಗೂ ಒಂದು ಪ್ರತಿ ಕಳಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಜೀಪು ಹತ್ತಬೇಕಾಗಿಯೇ ಇಲ್ಲ, ಆಟೋದಲ್ಲಿ ಹೋಗಿ ಬರಬಹುದು.

ಯಾರು ಬೇಕಾದರೂ ತಕರಾರು ಹಾಕಬಹುದು. ಜಾತಿ, ಧರ್ಮ, ಬಡತನದ ತಕರಾರು ನಡೆಯುವುದಿಲ್ಲ, ನಿಜ. ಆದರೆ ಮಚ್ಚು ಹಿಡಿದವನಿಗೆ ತಕರಾರು ಅರ್ಜಿ ಯಾಕೆ? ವಿಳಾಸ ಸಿಕ್ಕರೆ ಸಾಕಲ್ವಾ?

2018ರಲ್ಲಿ ಸುಪ್ರೀಂ ಕೋರ್ಟು ಇಂಥ ಜೋಡಿಗಳಿಗೆ ಪೊಲೀಸ್ ರಕ್ಷಣೆ ಕೊಡಿ, ಜಿಲ್ಲೆಗೊಂದು ಸುರಕ್ಷಿತ ಮನೆ ಮಾಡುವ ಬಗ್ಗೆ ಯೋಚಿಸಿ ಅಂತ ಹೇಳಿತು. ಒಳ್ಳೆಯದೇ. ಆ ಮನೆಯಲ್ಲಿ ಅಡಗಿ ಕೂತವರು ನೋಟಿಸಿನ 'ಈಗ ಇರುವ ಮನೆ' ಕಲಮಿನಲ್ಲಿ ಏನು ಬರೆಯಬೇಕೋ!

ಇನ್ನೂ ಒಂದು ಸೌಲಭ್ಯ ಇದೆ. ಕಚೇರಿಯಲ್ಲಿ ಈ ನೋಟಿಸ್‌ಗಳನ್ನು ನಕಲಿಸಿಡುವ ಪುಸ್ತಕವನ್ನು ಯಾರು ಬಂದು ಕೇಳಿದರೂ ತೋರಿಸಬೇಕು. ಶುಲ್ಕ ಇಲ್ಲ. ಹೊತ್ತು ಮಾತ್ರ ಯೋಗ್ಯವಾಗಿರಬೇಕಂತೆ. ಹಾಗಾಗಿ ರೌಡಿಗಳನ್ನು ಊಟದ ಹೊತ್ತಿಗೆ ಕಳಿಸಬೇಡಿ ಸಾಹುಕಾರ್ರೇ. ಗುಮಾಸ್ತರು ಬೈತಾರೆ.