ಹಿಂದಕ್ಕೆ ಬಂದರೆ ಪುಣ್ಯ

ನಮ್ಮೂರ ಜಾತ್ರೆಗೆ ಪ್ರತಿ ವರ್ಷ ತೊಟ್ಟಿಲು ತರುವವನೊಬ್ಬನಿದ್ದ. ಒಂದು ವರ್ಷ ನಾವು ಹುಡುಗರೆಲ್ಲ ಬೆವರಿದ ಅಂಗೈಯಲ್ಲಿ ಎಂಟಾಣೆ ಹಿಡಿದು ಓಡಿದರೆ, ತೊಟ್ಟಿಲು ನಿಂತಿತ್ತು. ಅವನು ಅದರ ಬುಡದಲ್ಲಿ ಕೂತು ಬೀಡಿ ಸೇದುತ್ತಿದ್ದ. 'ಯಾಕಣ್ಣಾ?' ಅಂದೆವು. ತಲೆ ಕೂಡ ಎತ್ತದೆ, 'ಬೋಲ್ಟು ಹೋಗೈತೆ, ನಾಳೆ ಬನ್ರೋ' ಅಂದ. ಮರುದಿನ ಹೋದರೆ ತುಕ್ಕು ಹಿಡಿದ ಕಬ್ಬಿಣದ ನಡುವೆ ಒಂದೇ ಒಂದು ಹೊಸ ಬೋಲ್ಟು ಮೂಗುಬೊಟ್ಟಿನ ಥರ ಹೊಳೆಯುತ್ತಿತ್ತು.

ಈ ಮನುಷ್ಯ ಅಮೆರಿಕದ ಒಹಾಯೊದಲ್ಲಿ ಕೆಲಸಕ್ಕೆ ಸೇರಿದ್ದರೆ ಒಂದೇ ದಿನದಲ್ಲಿ ಮನೆಗೆ ಕಳಿಸುತ್ತಿದ್ದರು. ಬೋಲ್ಟಿನ ವಿಚಾರಕ್ಕಲ್ಲ. ಮಾತಿನ ವಿಚಾರಕ್ಕೆ.

ಒಹಾಯೊದ ಸ್ಯಾಂಡಸ್ಕಿ ಊರಿನಲ್ಲಿ, ಈರಿ ಸರೋವರದ ದಡದಲ್ಲಿ ಸೀಡರ್ ಪಾಯಿಂಟ್ ಎಂಬ ಪಾರ್ಕ್ ಇದೆ. 1870ರಿಂದ ಜನ ಅಲ್ಲಿಗೆ ಹೋಗುತ್ತಿದ್ದಾರೆ. 2003ರ ಮೇ ತಿಂಗಳಲ್ಲಿ ಅಲ್ಲಿ 'ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್' ಎಂಬ ರೋಲರ್ ಕೋಸ್ಟರ್ ಶುರುವಾಯಿತು. 420 ಅಡಿ ಎತ್ತರ. ಆಗ ಪ್ರಪಂಚದಲ್ಲಿ ಅದಕ್ಕಿಂತ ಎತ್ತರದ್ದೂ ಇರಲಿಲ್ಲ, ವೇಗದ್ದೂ ಇರಲಿಲ್ಲ. ಸುಮಾರು 4 ಸೆಕೆಂಡಿನಲ್ಲಿ ಗಂಟೆಗೆ 193 ಕಿ.ಮೀ. ವೇಗ ಹಿಡಿದು, ನೆಟ್ಟಗೆ ಆಕಾಶಕ್ಕೆ ಹತ್ತಿ, ತುದಿ ದಾಟಿ, ತಿರುಚಿಕೊಂಡು ನೆಟ್ಟಗೆ ಕೆಳಗೆ. ಎಲ್ಲ ಸೇರಿ 17 ಸೆಕೆಂಡು. ಅಷ್ಟಕ್ಕೆ ಗಂಟೆಗಟ್ಟಲೆ ಕ್ಯೂ. ನಮ್ಮಲ್ಲಿ ಒಂದು ನಿಮಿಷದ ದೇವರ ದರ್ಶನಕ್ಕೆ ಅರ್ಧ ದಿನ ನಿಲ್ಲುವುದಿಲ್ಲವಾ, ಅದರ ಬಗ್ಗೆ ನಾನು ಮಾತಾಡುವ ಹಾಗಿಲ್ಲ.

ಆದರೆ ಆ ಕ್ಯೂನಲ್ಲಿ ಕೆಲವರು ಬೇಡಿಕೊಳ್ಳುತ್ತಿದ್ದ ವರವೇ ಬೇರೆ. ಬಂಡಿಯನ್ನು ಎಳೆಯುತ್ತಿದ್ದದ್ದು ಒಂದು ಹಗ್ಗ, ಅದನ್ನು ಸುತ್ತುತ್ತಿದ್ದದ್ದು ಹೈಡ್ರಾಲಿಕ್ ಯಂತ್ರ. ಗಾಳಿ ಎದುರಿಗೆ ಬಂದರೆ, ತಳ್ಳು ಸ್ವಲ್ಪ ಕಡಿಮೆ ಬಿದ್ದರೆ, ಬಂಡಿ ತುದಿ ಮುಟ್ಟುತ್ತಿರಲಿಲ್ಲ. ಅಲ್ಲೇ ಮೇಲೆ ಒಂದು ಕ್ಷಣ ತೂಗಿ, ಹತ್ತಿದ ದಾರಿಯಲ್ಲೇ ಹಿಂದಕ್ಕೆ ಬೀಳುತ್ತಿತ್ತು. ಕೆಳಗೆ ಹಳಿಯ ನಡುವೆ ಬ್ರೇಕುಗಳು ತಲೆ ಎತ್ತಿ ಹಿಡಿದುಕೊಳ್ಳುತ್ತಿದ್ದವು. ಇದಕ್ಕೆ 'ರೋಲ್‌ಬ್ಯಾಕ್' ಅಂತ ಹೆಸರು. ನಮ್ಮ ಘಾಟಿಯಲ್ಲಿ ಬಸ್ಸು ಹೀಗೆ ಹಿಂದಕ್ಕೆ ಜಾರಿದರೆ ಪ್ರಯಾಣಿಕರು ಇಳಿದು ಕಲ್ಲು ಹುಡುಕುತ್ತಾರೆ. ಅಲ್ಲಿ ಚಪ್ಪಾಳೆ ಹೊಡೆಯುತ್ತಿದ್ದರು.

ಕ್ಲೀವ್‌ಲ್ಯಾಂಡಿನಲ್ಲಿರುವ ನನ್ನ ತಂಗಿಯ ಮಗ ಅದರಲ್ಲಿ ಒಂಬತ್ತು ಸಲ ಕೂತಿದ್ದಾನೆ. 'ಒಂದ್ಸಲಾನೂ ಹಿಂದಕ್ಕೆ ಬರ್ಲಿಲ್ಲ ಮಾವ, ನನ್ನ ಹಣೆಬರಹವೇ ಸರಿ ಇಲ್ಲ' ಅಂತ ಫೋನಿನಲ್ಲಿ ಕೊರಗುತ್ತಿದ್ದ. ಇಂಜಿನಿಯರಿಂಗ್ ಓದಿಸಿದ ಮಗ ಯಂತ್ರ ಕೆಡಲಿ ಅಂತ ಪ್ರಾರ್ಥನೆ ಮಾಡುತ್ತಾನೆ ಅಂತ ತಂಗಿಗೆ ಬೇಜಾರು.

ಇಂಥ ಯಂತ್ರವನ್ನು ಆ ರಾಜ್ಯದಲ್ಲಿ ಸರ್ಕಾರದ ಪರವಾಗಿ ತಪಾಸಣೆ ಮಾಡುವವರು ಯಾರು ಗೊತ್ತಾ? ಕೃಷಿ ಇಲಾಖೆ. ತಮಾಷೆ ಅಲ್ಲ. ಒಹಾಯೊದ ಕೃಷಿ ಇಲಾಖೆಯಲ್ಲಿ ಆಟದ ಯಂತ್ರಗಳ ಸುರಕ್ಷತೆಗೆ ಅಂತಲೇ ಒಂದು ವಿಭಾಗ ಇದೆ. ದನದ ರೋಗ, ಬೆಳೆಯ ಹುಳ, ಜೊತೆಗೆ 420 ಅಡಿಯ ಉಕ್ಕಿನ ಗೋಪುರ. ಅಲ್ಲಿಯ ಜಾತ್ರೆಗಳೂ ಮೂಲತಃ ರೈತರ ಜಾತ್ರೆಗಳೇ ತಾನೆ. ಹಂದಿ, ಹಸು, ಕುಂಬಳಕಾಯಿ ತೋರಿಸುವ ಜಾಗದ ಪಕ್ಕದಲ್ಲೇ ತೊಟ್ಟಿಲು ತಿರುಗುತ್ತದೆ. ಆ ಲೆಕ್ಕದಲ್ಲಿ ಅರ್ಥವಾಗುತ್ತದೆ. ಆದರೂ ಈ ವಿಷಯ ಕೇಳಿದ ತಂಗಿಯ ಮೊದಲ ಪ್ರಶ್ನೆ: 'ಹಾಗಾದ್ರೆ ಸಬ್ಸಿಡಿ ಕೊಡ್ತಾರಾ?'

ತಪಾಸಣೆ ಅನ್ನುವ ಮಾತಿಗೆ ಆ ರಾಜ್ಯದಲ್ಲಿ ಒಂದು ಕಹಿ ನೆನಪೂ ಇದೆ. 2017ರ ಜುಲೈ 26ರಂದು ಕೊಲಂಬಸ್‌ನ ರಾಜ್ಯ ಜಾತ್ರೆಯ ಮೊದಲ ದಿನವೇ 'ಫೈರ್ ಬಾಲ್' ಎಂಬ ಆಟದ ಯಂತ್ರದ ಒಂದು ತೋಳು ಮುರಿದು, ಹದಿನೆಂಟು ವರ್ಷದ ಹುಡುಗನೊಬ್ಬ ಸತ್ತ. ಯಂತ್ರ 1998ರದ್ದು. ತೋಳಿನೊಳಗೆ ತುಕ್ಕು ತಿಂದು ಕಬ್ಬಿಣ ತೆಳುವಾಗಿತ್ತು ಅಂತ ತಯಾರಿಸಿದ ಕಂಪನಿಯೇ ಆಮೇಲೆ ಹೇಳಿತು. ಅದೇ ದಿನ ಆ ಯಂತ್ರ ತಪಾಸಣೆಯಲ್ಲಿ ಪಾಸಾಗಿತ್ತು. ಹೊರಗೆ ಬಣ್ಣ ಚೆನ್ನಾಗಿತ್ತೋ ಏನೋ. ಕೆಲವು ವರ್ಷದ ನಂತರ ಆ ಹುಡುಗನ ಹೆಸರಿನಲ್ಲೇ ಬಿಗಿಯಾದ ಕಾನೂನು ಬಂತು.

ಸೀಡರ್ ಪಾಯಿಂಟಿಗೆ ವಾಪಸ್ ಬರೋಣ. 2021ರ ಆಗಸ್ಟ್ 15. ಡ್ರ್ಯಾಗ್‌ಸ್ಟರ್ ಬಂಡಿಯಿಂದ ಒಂದು ಲೋಹದ ತುಂಡು ಕಿತ್ತು ಹಾರಿ, ಕ್ಯೂನಲ್ಲಿ ನಿಂತಿದ್ದ ಹೆಂಗಸೊಬ್ಬರ ತಲೆಗೆ ಬಡಿಯಿತು. ಆಕೆ ಬಂಡಿ ಹತ್ತಿಯೂ ಇರಲಿಲ್ಲ. ಬದುಕು ಪೂರ್ತಿ ನರಳುವಷ್ಟು ಪೆಟ್ಟು. ಆಟ ನಿಂತಿತು. ಕೃಷಿ ಇಲಾಖೆ ತನಿಖೆ ಮಾಡಿ 2022ರ ಫೆಬ್ರುವರಿಯಲ್ಲಿ ವರದಿ ಕೊಟ್ಟಿತು: ಪಾರ್ಕಿನವರು ಕಾನೂನು ಮುರಿದದ್ದಕ್ಕೆ ಪುರಾವೆ ಇಲ್ಲ, ಯಂತ್ರ ಅಪಾಯಕಾರಿಯಾಗಿದೆ ಅಂತ ಅವರಿಗೆ ಗೊತ್ತಿದ್ದದ್ದಕ್ಕೂ ಪುರಾವೆ ಇಲ್ಲ. ಅಂದರೆ ಎಲ್ಲರೂ ಸರಿಯಾಗಿದ್ದರು. ತುಂಡು ಮಾತ್ರ ಯಾರಿಗೂ ಹೇಳದೆ ಹಾರಿತು.

ಇಲ್ಲಿಂದ ಶುರುವಾಗುತ್ತದೆ ಭಾಷೆಯ ಆಟ. 2022ರ ಸೆಪ್ಟೆಂಬರಿನಲ್ಲಿ ಪಾರ್ಕ್ ಪ್ರಕಟಣೆ ಹೊರಡಿಸಿತು. 19 ಸೀಸನ್, 1.8 ಕೋಟಿ ಸವಾರರು, ಇಷ್ಟೆಲ್ಲ ಆದ ಮೇಲೆ ಡ್ರ್ಯಾಗ್‌ಸ್ಟರ್ 'ನಿಮಗೆ ಗೊತ್ತಿರುವ ರೂಪದಲ್ಲಿ' ನಿವೃತ್ತಿಯಾಗುತ್ತಿದೆ ಅಂತ. ಆ ಪದಗಳನ್ನು ಇನ್ನೊಂದು ಸಲ ಓದಿ. ನಿವೃತ್ತಿ ಹೌದು, ಆದರೆ ನಿಮಗೆ ಗೊತ್ತಿರುವ ರೂಪದಲ್ಲಿ ಮಾತ್ರ. ನಮ್ಮಲ್ಲಿ ಮೂವತ್ತೊಂದನೇ ತಾರೀಖು ಹಾರ ಹಾಕಿಸಿಕೊಂಡು ಮನೆಗೆ ಹೋದ ಸಾಹೇಬರು ಒಂದನೇ ತಾರೀಖು 'ಸಲಹೆಗಾರ' ಅಂತ ಅದೇ ಕುರ್ಚಿಗೆ ಬರುವುದಿಲ್ಲವಾ? ಅದೇ ಇದು. ಹಾರದ ಹೂವು ಇನ್ನೂ ಬಾಡಿರುವುದಿಲ್ಲ.

ಸಲಹೆಗಾರರು 2024ರ ಮೇ 4ಕ್ಕೆ ಬಂದರು. ಹೊಸ ಹೆಸರು 'ಟಾಪ್ ಥ್ರಿಲ್ 2'. ಇಟಲಿಯ ಜಾಂಪರ್ಲಾ ಕಂಪನಿಯ ಹೊಸ ಬಂಡಿಗಳು. ಹಗ್ಗ ಹೋಗಿ ಕಾಂತದ ತಳ್ಳು ಬಂತು. ಹಳೇ ಗೋಪುರದ ಎದುರಿಗೆ 420 ಅಡಿಯದ್ದೇ ಇನ್ನೊಂದು ಗೋಪುರ. ಇನ್ನು ಓಡುವ ರೀತಿ ಕೇಳಿ. ಬಂಡಿ ಮೊದಲು ಮುಂದಕ್ಕೆ ಹೋಗುತ್ತದೆ, ತುದಿ ಮುಟ್ಟದೆ ಹಿಂದಕ್ಕೆ ಬೀಳುತ್ತದೆ. ಬೀಳುವಾಗ ಇನ್ನೊಂದು ತಳ್ಳು ತಿಂದು ಬೆನ್ನು ಮುಂದಾಗಿ ಆ ಹೊಸ ಗೋಪುರ ಹತ್ತುತ್ತದೆ. ಅಲ್ಲಿಂದ ಇಳಿದು ಬಂದು ಮೂರನೇ ತಳ್ಳಿಗೆ ತುದಿ ದಾಟುತ್ತದೆ.

ಅಂದರೆ ಹತ್ತೊಂಬತ್ತು ಸೀಸನ್ ಯಾವುದು ಕೆಟ್ಟುಹೋಗುವುದು ಅನ್ನಿಸಿಕೊಂಡಿತ್ತೋ, ಅದನ್ನೇ ಈಗ ಕಾರ್ಯಕ್ರಮದಲ್ಲಿ ಸೇರಿಸಿದರು. ಸೋರುವ ಮನೆಗೆ 'ಒಳಾಂಗಣ ಜಲಪಾತ' ಅಂತ ಬೋರ್ಡ್ ಹಾಕಿದ ಹಾಗೆ. ನಾನು ಬೈಯುತ್ತಿಲ್ಲ, ನಿಜವಾಗಿ ಹೊಟ್ಟೆಕಿಚ್ಚು. ನನಗೆ ಗೊತ್ತಿದ್ದರೆ ನಮ್ಮ ಮನೆಯ ನೀರಿನ ಮೋಟರಿಗೂ ಹೀಗೆ ಏನಾದರೂ ಹೆಸರಿಡುತ್ತಿದ್ದೆ.

ಎಂಟು ದಿನ ಓಡಿತು.

ಎಂಟೇ ದಿನ. ಆಮೇಲೆ ಮತ್ತೆ ಪ್ರಕಟಣೆ: ಬಂಡಿಗಳಲ್ಲಿ ಒಂದು ಯಾಂತ್ರಿಕ ಮಾರ್ಪಾಡು ಮಾಡಬೇಕಿದೆ, ಅದಕ್ಕೆ ತಯಾರಕರಿಗೆ ಹೆಚ್ಚಿನ ಸಮಯ ಬೇಕು. ಹೆಚ್ಚಿನ ಸಮಯ ಅಂದರೆ ಇಡೀ 2024ರ ಸೀಸನ್. ಬೇಸಿಗೆ ಪೂರ್ತಿ ಎರಡು ಗೋಪುರಗಳು ಸರೋವರದ ಗಾಳಿ ಕುಡಿಯುತ್ತಾ ಎದುರುಬದುರು ನಿಂತಿದ್ದವು, ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ. ಸಂಶಯ ಬಂದಾಗ ನಿಲ್ಲಿಸಿದ್ದು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಇಡೀ ಪ್ರಕಟಣೆಯಲ್ಲಿ ಏನು ಕೆಟ್ಟಿದೆ ಅಂತ ಹುಡುಕಿ ಹುಡುಕಿ ನನ್ನ ಕನ್ನಡಕ ಮಂಜಾಯಿತು. ಬೀಡಿಯಣ್ಣನ ಹತ್ತಿರ ಒಂದು ವಾರ ಟ್ರೈನಿಂಗ್ ಕೊಡಿಸಬೇಕಿತ್ತು.

ನ್ಯೂಜೆರ್ಸಿಯಲ್ಲಿ ಇದರ ತಮ್ಮನೊಬ್ಬನಿದ್ದ. 'ಕಿಂಗ್ಡಾ ಕಾ' ಅಂತ, 2005ರದ್ದು, ಅಣ್ಣನಿಗಿಂತ 36 ಅಡಿ ಎತ್ತರ. ಅವನಿಗೆ ಸಲಹೆಗಾರನ ಯೋಗವೂ ಇರಲಿಲ್ಲ. 2024ರ ನವೆಂಬರಿನಲ್ಲಿ ಆಟ ನಿಂತ ಮೇಲೆ, ಅದೇ ಕೊನೆಯದಾಗಿತ್ತು ಅಂತ ಹೇಳಿದರು. 2025ರ ಫೆಬ್ರುವರಿ 28ಕ್ಕೆ ಸಿಡಿಮದ್ದು ಇಟ್ಟು ಕೆಡವಿದರು. ಹಾರವೂ ಇಲ್ಲ, ಶಾಲೂ ಇಲ್ಲ.

ಡ್ರ್ಯಾಗ್‌ಸ್ಟರ್ ಸಂತಾನ ಮಾತ್ರ ಗಟ್ಟಿ. 2025ರಲ್ಲಿ ಮತ್ತೆ ಓಡತೊಡಗಿತು. ಅಳಿಯ ಬಿಡುತ್ತಾನಾ, ರಜೆ ಹಾಕಿ ಹೋದ. ರಾತ್ರಿ ಫೋನ್ ಮಾಡಿದಾಗ ತಂಗಿ ನನ್ನ ಕೈಯಿಂದ ಫೋನ್ ಕಸಿದುಕೊಂಡು ಕೇಳಿದಳು, 'ಬಂತೇನೋ ಹಿಂದಕ್ಕೆ?'

'ಬಂತಮ್ಮ.'

'ಅಂತೂ ನಿನ್ನ ಆಸೆ ತೀರ್ತಲ್ಲ.'

'ಏನ್ ತೀರೋದು. ಈಗ ಎಲ್ರಿಗೂ ಬರುತ್ತಮ್ಮ.'