ನೆಲ ಸಿಗದ ಕಾಲು

ಟಾರ್ ರಸ್ತೆಗೂ ಕಲ್ಲುಮಣ್ಣಿನ ದಾರಿಗೂ ಆಗುವ ಅಡ್ವೆಂಚರ್ ಬೈಕ್ ತಗೊಳ್ಳುವ ಮುಂಚೆ ಎಂಟು ತಿಂಗಳು ಓದಿದೆ. ಪರೀಕ್ಷೆಗೂ ಅಷ್ಟು ಓದಿದವನಲ್ಲ. ಮುಂದಿನ ಚಕ್ರ 21 ಇಂಚಿನದಾದರೆ ಕಲ್ಲು, ಗುಂಡಿ ಸಲೀಸಾಗಿ ಹತ್ತಿಳಿಯುತ್ತದೆ, ಟಾರ್ ರಸ್ತೆಯ ತಿರುವಿನಲ್ಲಿ ಮಾತ್ರ ಸ್ವಲ್ಪ ಸೋಮಾರಿ. 19 ಇಂಚು ಎರಡೂ ಕಡೆ ನೆಂಟ. ಸ್ಪೋಕ್ ಚಕ್ರ ಏಟು ತಡೆಯುತ್ತದೆ, ಆದರೆ ಹೆಚ್ಚಿನವಕ್ಕೆ ಟ್ಯೂಬ್ ಬೇಕು, ಪಂಕ್ಚರ್ ಆದರೆ ಚಕ್ರ ಬಿಚ್ಚಬೇಕು. ಅಲಾಯ್ ಆದರೆ ಟ್ಯೂಬ್‌ಲೆಸ್, ನಿಂತಲ್ಲೇ ಪ್ಲಗ್ ಚುಚ್ಚಿ ಹೊರಡಬಹುದು. ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಅನ್ನು ಮಣ್ಣಿನಲ್ಲಿ ಹಿಂದಿನ ಚಕ್ರಕ್ಕೆ ಆಫ್ ಮಾಡೋ ಸ್ವಿಚ್ಚೂ ಇರಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ.

“ಆಫೀಸಿಗೆ ಹೋಗೋಕೆ ತಾನೇ ರೀ?” ಅಂದಳು ಹೆಂಡತಿ.

ಅವಳಿಗೆ 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್80 ಜಿ/ಎಸ್ ಕತೆ ಹೇಳಿದೆ. ಜರ್ಮನ್‌ನಲ್ಲಿ ಜಿ ಅಂದರೆ ಕಾಡುಮೇಡು, ಎಸ್ ಅಂದರೆ ರಸ್ತೆ. ಒಂದೇ ಬೈಕು, ಎರಡಕ್ಕೂ. ಮರುವರ್ಷವೇ ಮರುಭೂಮಿ ದಾಟುವ ಪ್ಯಾರಿಸ್–ಡಾಕರ್ ರ‍್ಯಾಲಿಯನ್ನೂ ಗೆದ್ದಿತು!

“ಓಡಿಸಿದೋನು ಎಷ್ಟು ಉದ್ದ ಇದ್ದ?”

ಅವಳು ನನಗಿಂತ ಎರಡಿಂಚು ಎತ್ತರ. ಹಾಗಾಗಿ ಇಂಥ ಪ್ರಶ್ನೆಗಳನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಕೊನೆಗೆ ಆರಿಸಿದ ಬೈಕಿನ ಸೀಟಿನ ಎತ್ತರ 855 ಮಿಲಿಮೀಟರ್. ಅಂಗಡಿಯಲ್ಲಿ ಸೈಡ್ ಸ್ಟ್ಯಾಂಡ್ ಹಾಕಿದ ಹಾಗೇ ಹತ್ತಿ ಕೂತೆ. ಬೈಕು ಎಡಕ್ಕೆ ವಾಲಿತ್ತು, ಎಡಪಾದ ಚೆನ್ನಾಗೇ ನೆಲಕ್ಕೆ ತಾಗಿತು. ಬಲಗಾಲಿನ ವಿಚಾರ ನಾನೂ ಕೇಳಲಿಲ್ಲ, ಅದೂ ಹೇಳಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದ ಹಿರಿಯರು, ಕಾಲು ಇದ್ದಷ್ಟು ಸೀಟು ತಗೋ ಅಂತಲೂ ಹೇಳಿ ಹೋಗಬಾರದಿತ್ತೇ?

ಮೂರನೇ ದಿನ ಸಿಗ್ನಲ್ ಬಿತ್ತು. ಬ್ರೇಕ್ ಹಿಡಿದು, ಗತ್ತಿನಿಂದ ಬಲಗಾಲು ಇಳಿಸಿದೆ. ಕಾಲು ಕೆಳಗೆ ಹೋಯಿತು. ಇನ್ನೂ ಹೋಯಿತು. ನೆಲ ಬರಲಿಲ್ಲ. ಸರಿಯಾಗಿ ಅಲ್ಲೇ ಒಂದು ಅಂಗೈಯಗಲದ ಗುಂಡಿ ಇತ್ತು. ವೇಗ ಸೊನ್ನೆ. ಮೈಮೇಲೆ ಮೊಣಕಾಲು ಗಾರ್ಡು, ಮೊಣಕೈ ಗಾರ್ಡು, ಡಾಕರ್‌ಗೆ ಸಾಕಾಗುವಷ್ಟು ಕವಚ. ಕಡಿದ ಮರದ ಹಾಗೆ ನಿಧಾನವಾಗಿ ವಾಲಿದೆವು. ಪಕ್ಕದ ಸ್ಕೂಟರಿನವನು ಗಾಡಿ ಒಂದಡಿ ಸರಿಸಿ ಜಾಗ ಬಿಟ್ಟುಕೊಟ್ಟ. ಅಷ್ಟು ಸಮಯವಿತ್ತು.

ಬಿದ್ದ ಬೈಕ್ ಎತ್ತೋದನ್ನೂ ಓದಿದ್ದೆ. ಎಂಜಿನ್ ಆಫ್ ಮಾಡಬೇಕು. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಹೊರಗೆಳೆದು ಗೇರಿನಲ್ಲಿ ಇಡಬೇಕು, ಇಲ್ಲದಿದ್ದರೆ ಎತ್ತಿದ ಮೇಲೆ ಎಡಕ್ಕೆ ಬೀಳುತ್ತದೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೊಂಟದಿಂದಲ್ಲ, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತಾ ಎತ್ತಬೇಕು. “ಯಾರೂ ಮುಟ್ಟಬೇಡಿ, ನಂಗೆ ಗೊತ್ತು” ಅಂದು ಬೆನ್ನು ಕೊಟ್ಟೆ. ಸುಮಾರು 180 ಕೆ.ಜಿ. ಅಲುಗಲಿಲ್ಲ. ಹಸಿರು ದೀಪ ಬಂತು, ಹಾರ್ನ್ ಶುರುವಾಯಿತು. ಮೂರು ಜನ ಬಂದು ಎತ್ತಿ ನಿಲ್ಲಿಸಿದರು. ಅದರಲ್ಲೊಬ್ಬ ಅಜ್ಜ ಕೇಳಿದರು, “ಮಗಂದಾ ಗಾಡಿ?”

ಎತ್ತರ ಇಳಿಸೋಣ ಅಂತ ಮೆಕ್ಯಾನಿಕ್ ಹತ್ತಿರ ಹೋದೆ. ಹಿಂದಿನ ಸಸ್ಪೆನ್ಷನ್ನಿನ ಲಿಂಕ್ ಬದಲಿಸಬಹುದಂತೆ, ಆದರೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಬೈಕಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ, ಕಮ್ಮಿಯಾಗುತ್ತದಂತೆ. ಅದಕ್ಕೇ ಅಲ್ವಾ ಇದನ್ನು ತಂದದ್ದು! ಸೀಟಿನ ಫೋಮ್ ಕೊಯ್ಸಿದೆ. ಎತ್ತರ ಬೆರಳಗಲ ಇಳಿಯಿತು, ಕೂತರೆ ಹಲಗೆ.

ನಿನ್ನೆ ಹೆಂಡತಿ, “ನಾನೊಮ್ಮೆ ನೋಡ್ತೀನಿ” ಅಂತ ಹತ್ತಿದಳು. ಅದೇ ಸಿಗ್ನಲ್. ಅವಳ ಎರಡೂ ಪಾದ ನೆಲಕ್ಕೆ. ಹಿಂದೆ ಕೂತಿದ್ದ ನಾನು 21 ಇಂಚಿನ ಚಕ್ರದ ಗುಣ ವಿವರಿಸುತ್ತಿದ್ದೆ.